ಹಾಡಲೊಪ್ಪದ ಫೌಜಿ

ನಾನು ಬರೆದ ಸಿನಿಮಾದ ಕತೆ ಸರಳವಾಗಿತ್ತು. ದೇಶದಲ್ಲಿ ಅಂತರ್ಯುದ್ಧ. ಸೈನಿಕನೊಬ್ಬ ಹಾಡುತ್ತ ಕುಣಿಯುತ್ತ ಊರಿಗೆ ಮರಳುತ್ತಾನೆ. ನೋಡಿದರೆ ಊರೂ ಎರಡು ಪಂಗಡವಾಗಿರುತ್ತದೆ. ಅರ್ಧ ತಾಸಿನ ನಗೆಚಿತ್ರ. ಅಫಜಲಪುರದ ಗೆಳೆಯರು ಕ್ಯಾಮೆರಾ ತಂದರು, ಜೇವರ್ಗಿಯಿಂದ ಹಾರ್ಮೋನಿಯಂ ನುಡಿಸುವವರೊಬ್ಬರು ಬಂದರು. ಸೈನಿಕನ ಪಾತ್ರಕ್ಕೆ ಅತನೂರಿನ ನನ್ನ ಸೋದರಮಾವನನ್ನು ಒಪ್ಪಿಸಿದೆ. ಫೌಜಿನಿಂದ ನಿವೃತ್ತರಾದವರು, ನಟಿಸುವ ಕಷ್ಟವೇ ಇಲ್ಲ ಎಂದುಕೊಂಡಿದ್ದೆ.

‘ಮಾಮಾ, ಬಸ್ಸಿಳಿದ ಕೂಡ್ಲೆ ಹಾಡು ಸುರು ಮಾಡ್ರಿ.’

‘ಯಾಕ ಹಾಡ್ಬೇಕಲೇ? ರೈಲಿನ್ಯಾಗ, ಬಸ್ಸಿನ್ಯಾಗ ನಿಂತ್ಕೊಂಡು ಬಂದಾಂವ ಮೊದಲ ನೀರು ಕೇಳ್ತಾನ.’

‘ಇದು ಸಿನಿಮಾ ಐತ್ರಿ.’

‘ಸಿನಿಮಾದಾಗ ನೀರಡಿಕಿ ಆಗಂಗಿಲ್ಲೇನು?’

ನೀರು ಕೊಡಿಸಿದೆ. ಕುಡಿದವರೇ ಎದುರು ಪಂಗಡದ ಪಾತ್ರದ ಹುಡುಗರು ಕಟ್ಟಿಗೆಯ ಬಂದೂಕು ಹಿಡಿದ ರೀತಿ ಸರಿಯಿಲ್ಲವೆಂದು ಅವರನ್ನು ಸಾಲಾಗಿ ನಿಲ್ಲಿಸಿ ಕವಾಯತು ಮಾಡಿಸತೊಡಗಿದರು. ಬಿಸಿಲು ನೆತ್ತಿಗೇರಿತು. ಹಾರ್ಮೋನಿಯಂನವರು ಬೇವಿನ ನೆರಳಲ್ಲಿ ಗೊರಕೆ ಹೊಡೆಯುತ್ತಿದ್ದರು. ನನ್ನ ತಾಳ್ಮೆ ಕೆಟ್ಟಿತು.

‘ಹಂಗಾದ್ರ ನೀವು ಹೆಂಗ ಬಂದಿದ್ರಿ ಹೇಳ್ರಿ, ಅದನ್ನೇ ತೆಗಿತೇನಿ!’

ಮಾವ ಪಾತ್ರಕ್ಕೆಂದು ತಂದಿದ್ದ ಟ್ರಂಕಿನ ಮೇಲೆ ಕುಳಿತರು. ‘ರಜಾ ಮ್ಯಾಲ ಬಂದಾಗ ಅಂಗಳದಾಗ ಗೋಡಿ ಎದ್ದಿತ್ತು. ಅಣ್ಣಗೋಳಿಬ್ಬರೂ ಮಾತು ಬಿಟ್ಟಿದ್ರು. ಒಬ್ಬರ ಮನ್ಯಾಗ ಉಂಡ್ರ ಇನ್ನೊಬ್ಬರಿಗೆ ಸಿಟ್ಟು. ಅದಕ್ಕ ಎರಡೂ ಕಡಿ ಉಣ್ತಿದ್ದೆ. ರಜಾ ಮುಗಿಯೂದ್ರಾಗ ವರ್ದಿ ಅಂಗಿ ಗುಂಡಿ ಹತ್ತವಲ್ದಾಗಿತ್ತು.’

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಮಾವ ನಗಲಿಲ್ಲ. ‘ಅವ್ವ ಮಾತ್ರ ಯಾರ ಕಡಿನೂ ಹೊಟ್ಟಿ ತುಂಬ ಉಣ್ತಿರ್ಲಿಲ್ಲ’ ಎಂದರು.

ಆ ಗೋಡೆಯನ್ನು ನಾನು ಚಿಕ್ಕಂದಿನಿಂದ ನೋಡಿದ್ದೆ. ಅದು ಮನೆ ಕಟ್ಟಿದಾಗಿನಿಂದಲೂ ಇದೆ ಎಂದೇ ತಿಳಿದಿದ್ದೆ. ಬರೆದ ದೃಶ್ಯ ಬಿಟ್ಟು, ಮಾವನ ಮನೆಯಂಗಳದಲ್ಲಿ ಇದನ್ನೇ ಚಿತ್ರೀಕರಿಸಿದೆವು. ಮಾವ ಗೋಡೆಯ ಆಚೆ ಒಂದು ರೊಟ್ಟಿ, ಈಚೆ ಒಂದು ರೊಟ್ಟಿ ತಿಂದರು. ಪ್ರತಿ ಸಲವೂ ಬಿಸಿ ರೊಟ್ಟಿಯೇ ಬೇಕೆಂದು ಹಟ ಹಿಡಿದು, ನನ್ನ ಅತ್ತೆಯನ್ನು ಸಂಜೆಯವರೆಗೂ ಒಲೆಯ ಮುಂದೆ ಕೂರಿಸಿದರು. ಹಾಡಂತೂ ಹಾಡಲೇ ಇಲ್ಲ. ಹಾರ್ಮೋನಿಯಂನವರಿಂದ ಹಾಡಿಸಿ, ಮಾವ ಬಾಯಿ ಮುಚ್ಚಿಕೊಂಡು ನಡೆಯುವ ದೃಶ್ಯಕ್ಕೆ ಸೇರಿಸಿದೆ.

ಆಳಂದದಲ್ಲಿ ಸಿನಿಮಾ ತೋರಿಸಿದಾಗ ಜನ ಆ ಹಾಡಿಗೆ ಸಿಳ್ಳೆ ಹಾಕಿದರು. ಮಾವ ನನ್ನ ತೋಳು ಹಿಡಿದು ಜಗ್ಗಿದರು.

‘ಎಷ್ಟ್ ಚಂದ ಹಾಡೈತಿ! ನನ್ನ ಕೈಲಿ ಯಾಕ ಹಾಡಿಸ್ಲಿಲ್ಲಲೇ?’