ಹೆಬ್ಬೂರು ದಾಟಿ ನಿಂತ ಫಾರಿನ್ ಗಾಡಿ

ಮೊನ್ನೆ ನನ್ನ ಮಗಳಿಗೆ ಹೆಣ್ಣು ಮಗು ಹುಟ್ಟಿತು. ನಾನು ತಾತನಾದೆ! ಗುಬ್ಬಿಯ ನನ್ನ ಹಿಟ್ಟಿನ ಗಿರಣಿಗೆ ರಾಗಿ ಬೀಸಿಸಲು ಬಂದವರ ಕೈಗೆಲ್ಲ ಸಕ್ಕರೆ ಹಾಕುತ್ತಿದ್ದೇನೆ, ಬೇಡವೆಂದವರಿಗೂ. ನಾಲ್ಕನೇ ಕ್ಲಾಸಿಗೇ ಸ್ಲೇಟು ಬಿಟ್ಟವನು ನಾನು. ಆದರೂ ಈ ಸಂತೋಷ ಬಾಯಲ್ಲಿ ಹೇಳಿ ಮುಗಿಯುತ್ತಿಲ್ಲ, ಅದಕ್ಕೇ ಬರೆಯಲು ಕೂತೆ. ಕೂತರೆ ಕಣ್ಣ ಮುಂದೆ ಬಂದು ನಿಲ್ಲುವುದು ಮಗುವಿನ ಅಮ್ಮನ ಮದುವೆಯ ಬೆಳಿಗ್ಗೆ. ಅವತ್ತು ಇನ್ನೊಂದು ರೀತಿ ಆಗಿದ್ದರೆ ಈ ಕೂಸು ಎಲ್ಲಿರುತ್ತಿತ್ತು ಎಂದು ಈಗಲೂ ಎದೆ ಹೊಡೆದುಕೊಳ್ಳುತ್ತದೆ.

ಅರವತ್ತರ ದಶಕದಲ್ಲಿ ನಮ್ಮ ಕಡೆ ಮದುವೆಯಾದರೆ, ಗಂಡು ಯಾವ ಗಾಡಿಯಲ್ಲಿ ಬಂದ ಎಂಬುದೇ ವಾರಗಟ್ಟಲೆ ಮಾತು. ನಿಟ್ಟೂರು ಕಡೆಯ ಕೊಬ್ಬರಿ ಸಾಹುಕಾರರೊಬ್ಬರ ಹತ್ತಿರ ಉದ್ದನೆಯ ಹಸಿರು ಫಾರಿನ್ ಗಾಡಿ ಇತ್ತು, ಹಿಂದೆ ಮೀನಿನ ರೆಕ್ಕೆಯಂಥ ಎರಡು ಏಣು. ಅದು ಒಂದು ಮದುವೆಗೆಂದು ನಮ್ಮ ಬೀದಿಗೆ ಬಂದಾಗ ನಾನು ಹುಬ್ಬಿನವರೆಗೂ ಹಿಟ್ಟು ಮೆತ್ತಿಕೊಂಡೇ ಹೊರಗೆ ಓಡಿದ್ದೆ. ಕಂಕುಳಲ್ಲಿ ಮಗಳಿದ್ದಳು. ಇವಳ ಗಂಡ ಇದರಲ್ಲೇ ಬರಬೇಕು ಎಂದು ಅವತ್ತೇ ಗಟ್ಟಿ ಮಾಡಿಕೊಂಡೆ.

ಅವಳ ಮದುವೆ ಹೊತ್ತಿಗೆ ಎಂಬತ್ತರ ದಶಕ ಅರ್ಧ ಕಳೆದಿತ್ತು. ಗಂಡು ಕುಣಿಗಲ್ಲಿನವನು. ಗಂಡನ್ನು ಕರೆತರಲು ಹೆಣ್ಣಿನವರು ಗಾಡಿ ಕಳಿಸುವುದು ರೂಢಿ. ನಿಶ್ಚಿತಾರ್ಥದ ದಿನ ಗಂಡಿನ ಸೋದರಮಾವ ತಮ್ಮ ಬಿಳಿ ಅಂಬಾಸಿಡರ್ ತೋರಿಸಿ, "ನಮ್ದೇ ಅದಲ್ಲ ಬೀಗ್ರೇ, ಡಿ.ಸಿ. ಸಾಹೇಬ್ರು ಓಡಾಡೋ ಅಂಥ ಗಾಡಿ," ಎಂದರು.

"ಅಂಬಾಸಿಡರ್ ಬುಡಿ, ಬಸ್‌ಸ್ಟ್ಯಾಂಡ್ ಟ್ಯಾಕ್ಸಿ ಇದ್ದಂಗಿರ್ತದೆ. ನಾನು ಫಾರಿನ್ ಗಾಡೀನೇ ತತ್ತೀನಿ," ಎಂದೆ. ಅವರ ಮುಖ ಗಂಟಾಯಿತು.

ಮನೆಗೆ ಬಂದರೆ ಹೆಂಡತಿಯದು ಬೇರೆಯೇ ರಾಗ. "ಈಗಿನ ಹುಡುಗ್ರೆಲ್ಲ ಮಾರುತಿ ಮಾರುತಿ ಅಂತಾವ್ರೆ ಕಣ್ರೀ."

"ಬೆಂಕಿಪೊಟ್ಟಣಕ್ಕೆ ಚಕ್ರ ಹಾಕ್ದಂಗದೆ ಅದು. ಬಾಸಿಂಗ ಹಿಡಿಸ್ತದೇನೇ ಅದ್ರಲ್ಲಿ?"

ಸಾಹುಕಾರರ ಮನೆಗೆ ಹೋದರೆ ಹಸಿರು ಗಾಡಿ ಕಾಯಿ ಸುಲಿಯುವ ಕೊಟ್ಟಿಗೆಯಲ್ಲಿತ್ತು, ಮೇಲೆ ಕೋಳಿ ಕೂತಿತ್ತು. "ತಗೊಂಡೋಗಯ್ಯ. ಇದನ್ನ ಹತ್ತಿ ಅಂದ್ರೆ ನಮ್ ಹುಡುಗ್ರು ನಾಚ್ಕೊತವೆ," ಎಂದರು ಸಾಹುಕಾರರು. ನನ್ನ ಬುದ್ಧಿಗೆ ಆಗಲೂ ಹೊಳೆಯಲಿಲ್ಲ. ಉಜ್ಜಿಸಿ, ಹೂವಿನಲ್ಲಿ ಮುಚ್ಚಿ, ಸಾಹುಕಾರರ ಹಳೇ ಡ್ರೈವರನ ಜೊತೆ ಮದುವೆಯ ದಿನ ಬೆಳಿಗ್ಗೆಯೇ ಕುಣಿಗಲ್ಲಿಗೆ ಹೊರಟೆ.

ಅಲ್ಲಿ ಗಂಡಿನ ಸ್ನೇಹಿತರು, "ಏನ್ಲಾ ಇದು, ಕಾರೋ ದೋಣಿಯೋ?" ಎಂದು ಬಿದ್ದು ಬಿದ್ದು ನಕ್ಕರು. ಮುಖ ಅರಳಿದ್ದು ಗಂಡಿನ ಅಜ್ಜಿಯದೊಂದೇ. ಸೀಟು ಸವರುತ್ತಾ, "ನಮ್ ಕಾಲ್ದಲ್ಲಿ ಇಂಥದ್ದು ಬಂದ್ರೆ ಬೇಲಿ ಸಂದೀಲಿ ನಿಂತ್ಕಂಡು ನೋಡ್ತಿದ್ವು," ಎಂದು ಮೊಮ್ಮಗನ ಪಕ್ಕ ಕೂತರು. ಆ ಮನೆಯವರದು ದೇವರ ಮುಂದೆ ಬಾಸಿಂಗ ಕಟ್ಟಿಸಿಕೊಂಡೇ ಗಾಡಿ ಹತ್ತುವ ಪದ್ಧತಿ. ಹತ್ತಿದ ಗಂಡು ಮದುವೆಮನೆ ಬಾಗಿಲಲ್ಲೇ ನೆಲಕ್ಕೆ ಕಾಲಿಡಬೇಕು.

ಹೆಬ್ಬೂರು ದಾಟಿದ್ದೆವು. ಗಾಡಿ ಎರಡು ಸಲ ಕೆಮ್ಮಿ, ಹೊಗೆಯಾಡಿ, ನಿಂತೇಬಿಟ್ಟಿತು. ನೀರು ಹುಯ್ದಾಯಿತು, ತಳ್ಳಿದ್ದಾಯಿತು. ಡ್ರೈವರ್ ತಲೆ ಎತ್ತಿ, "ಇದ್ರ ಪಾರ್ಟು ಬೊಂಬಾಯಿಂದ ಬರ್ಬೇಕು ಸ್ವಾಮಿ," ಎಂದ. ನೆಂಟರ ಬಸ್ಸು ಆಗಲೇ ಮುಂದೆ ಹೋಗಿತ್ತು. ಹಿಂದೆ ಇದ್ದದ್ದು ಸೋದರಮಾವನ ಅಂಬಾಸಿಡರ್ ಒಂದೇ. ತುಮಕೂರಿನ ಛತ್ರದಲ್ಲಿ ಮಗಳು ಸೆರಗು ಹಿಡಿದು ಕೂತಿರುತ್ತಾಳೆ, ಪುರೋಹಿತರು ಗಡಿಯಾರ ನೋಡುತ್ತಿರುತ್ತಾರೆ. ಮುಹೂರ್ತ ತಪ್ಪಿದರೆ ಇವರು ಹಾಗೇ ತಿರುಗಿ ಹೋಗುವವರೇ.

ಗಂಡು ಬಾಗಿಲಿಗೆ ಕೈ ಹಾಕಿ, "ಇಳ್ದು ಆ ಗಾಡಿ ಹತ್ತುತೀನಿ ಬುಡಜ್ಜಿ," ಎಂದ.

"ಬಾಸಿಂಗ ಕಟ್ಕಂಡು ನಡುದಾರೀಲಿ ನೆಲ ತುಳಿತೀಯೇನ್ಲಾ? ನನ್ ಹೆಣದ್ ಮೇಲೆ ಇಳಿ!" ಎಂದು ಅಜ್ಜಿ ಅವನ ಪಂಚೆಯನ್ನೇ ಹಿಡಿದುಕೊಂಡರು.

ಹಾಗಾದರೆ ಇರುವ ದಾರಿ ಒಂದೇ, ಸೋದರಮಾವ ಅವನನ್ನು ಹೊತ್ತು ಆ ಗಾಡಿಗೆ ದಾಟಿಸಬೇಕು. ನಮ್ಮಲ್ಲಿ ಅದಕ್ಕೆ ದೋಷವಿಲ್ಲ. ಅವರೋ ತಮ್ಮ ಗಾಡಿಗೆ ಒರಗಿ ನಿಂತಿದ್ದರು. "ಟ್ಯಾಕ್ಸಿ ಅಂದೋರಿಗೆ ಈಗ್ಯಾಕ್ರೀ ಇದು? ಕರ್ಕೊಂಡೋಗಿ ನಿಮ್ ಫಾರಿನ್‌ನಲ್ಲೇ."

ಕಾಲು ಹಿಡಿದೆ. "ತಪ್ಪಾಯ್ತು ಬೀಗ್ರೇ, ನನ್ ಮಗಳ ಮುಖ ನೋಡಿ." ಅವರು ರಸ್ತೆಯ ಕಡೆ ನೋಡುತ್ತಾ ನಿಂತರು. ಒಂದು ಲಾರಿ ಹೋಯಿತು, ಇನ್ನೊಂದು ಹೋಯಿತು. ಬಿಸಿಲು ಏರುತ್ತಿತ್ತು. ಅಷ್ಟೊಂದು ದೇವರ ಹೆಸರು ನನಗೆ ಗೊತ್ತಿವೆ ಎಂದು ತಿಳಿದದ್ದೇ ಅವತ್ತು. ಕೊನೆಗೆ ಏನೂ ತೋಚದೆ, ಟವೆಲ್ಲನ್ನು ಸೊಂಟಕ್ಕೆ ಬಿಗಿದು, ಗಂಡಿಗೆ ಬೆನ್ನು ಕೊಟ್ಟು ಬಗ್ಗಿದೆ. ದಿನಾ ರಾಗಿ ಮೂಟೆ ಹೊರುವ ಬೆನ್ನು. "ಬಾಪ್ಪ, ನಾನೇ ಹೊರ್ತೀನಿ. ದೋಷ ಇದ್ರೆ ನನಗೇ ಬರ್ಲಿ."

ಅವನು ನನ್ನ ಕೊರಳಿಗೆ ಕೈ ಹಾಕಿದ್ದನೋ ಇಲ್ಲವೋ, ಸೋದರಮಾವ ಕೂಗಿಕೊಂಡರು. "ಏಯ್, ಏಳ್ರೀ ಮೇಲೆ! ಮಾವ ಬದುಕಿರೋವಾಗ ಇನ್ನೊಬ್ಬ ಹೊರೋದಾ? ನಾಳೆ ನಮ್ಮಕ್ಕನ ಮುಂದೆ ಮುಖ ತೋರಿಸೋದ್ ಹೆಂಗೆ ನಾನು!" ನನ್ನನ್ನು ಪಕ್ಕಕ್ಕೆ ತಳ್ಳಿ ತಾವೇ ಬಗ್ಗಿದರು. ಹುಡುಗ ಚೆನ್ನಾಗಿ ಉಂಡು ಬೆಳೆದವನು. ಮಾವನ ಕಾಲು ಅದುರುತ್ತಿತ್ತು. ಹಿಂದಿನಿಂದ ನಾನು ಹುಡುಗನ ಭಾರ ಎತ್ತಿ ಹಿಡಿದೆ, ಅಜ್ಜಿ ಬಾಸಿಂಗ ಹಿಡಿದರು.

ಆ ಅಂಬಾಸಿಡರಿನಲ್ಲಿ ಆಗಲೇ ಅವರ ಹೆಂಡತಿ, ಹೆಣ್ಣುಮಕ್ಕಳು ತುಂಬಿದ್ದರು. ಧಾರೆ ಎರೆಯಬೇಕಾದ ನನಗೆ ಜಾಗವಿಲ್ಲ! ಮುಂದಿನ ಸೀಟಿನಲ್ಲಿ, ಅವರ ಡ್ರೈವರನ ಪಕ್ಕ, ಸೋದರಮಾವನ ತೊಡೆಯ ಮೇಲೇ ಕೂತೆ. "ನೆಟ್ಟಗೆ ಕೂತ್ಕೊಳ್ರೀ, ಟ್ಯಾಕ್ಸಿ ಅಲ್ವಾ, ಮೀಟ್ರು ಓಡ್ತಾ ಅದೆ," ಎಂದು ಅವರು ಕಿವಿಯಲ್ಲಿ ಚುಚ್ಚಿದರು. ಹಿಂದೆ ಅಜ್ಜಿಯ ಪಕ್ಕ ಗಂಡು ಕಿಸಕ್ಕೆಂದ. ನನಗೆ ನಗು ಬರಲಿಲ್ಲ. ಎದುರಿಗೆ ಎತ್ತಿನಗಾಡಿ ಬಂದರೂ ಜೀವ ಹೋಗುತ್ತಿತ್ತು.

ಛತ್ರದ ಬಾಗಿಲಲ್ಲಿ ಆರತಿ ತಟ್ಟೆ ಹಿಡಿದಿದ್ದ ಹೆಂಡತಿ ನನ್ನ ಮುಖ ನೋಡಿ, "ಬೇಗ, ಬೇಗ, ಮುಹೂರ್ತ ಮುಗಿಯಾಕೆ ಇನ್ನೈದೇ ನಿಮಿಷ," ಎಂದಳು. ಮಂಟಪದಲ್ಲಿ ಮಗಳು ತಲೆ ಎತ್ತಿ ಒಂದು ಸಲ ನೋಡಿದಳು. ಅತ್ತು ಕಣ್ಣು ಊದಿತ್ತು. ಅವಳ ಕೈ ಹಿಡಿದು ಅವನ ಕೈಯಲ್ಲಿಟ್ಟೆ. ಹಾಲು ಎರೆದರೆ ಅವರ ಕೈಗಿಂತ ನೆಲಕ್ಕೇ ಹೆಚ್ಚು ಚೆಲ್ಲಿತು. ಪುರೋಹಿತರು ಗದರಿದರು. ಗದರಲಿ ಎಂದು ಇನ್ನಷ್ಟು ಸುರಿದೆ.