ಐವತ್ತೆರಡು ಎಂದು ತಿದ್ದಿದವಳು ನಾನು

ಶೈಲಾ, ಆ ಟೆಸ್ಟನ್ನು ಕೆಡಿಸಿದ್ದು ನೀನಲ್ಲ, ನಾನು. ಮಾದೇವಿ ಗೌಡರ ವಯಸ್ಸನ್ನು ಐವತ್ತರಿಂದ ಐವತ್ತೆರಡಕ್ಕೆ ತಿದ್ದಿದ್ದು ನಿನ್ನ ಅಕ್ಕನ ಬೆರಳು. ಕೈ ಜಾರಿ ಆದದ್ದಲ್ಲ, ಗೊತ್ತಿದ್ದೇ ಮಾಡಿದ್ದು. ನಾಲ್ಕು ವರ್ಷ ನೀನು ಅದನ್ನು ನಿನ್ನ ತಪ್ಪೆಂದು ಹೊತ್ತು ತಿರುಗಿದೆ — ನಾನು ಅದೇ ಮನೆಯಲ್ಲಿ ಉಂಡು, ನೋಡುತ್ತ ಕೂತೆ.

ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟವಳು ನಾನು. ಇಷ್ಟುದ್ದ ಹಿಂದೆಂದೂ ಬರೆದಿಲ್ಲ. ಬಾಯಲ್ಲಿ ಹೇಳಬಹುದಿತ್ತು, ಆದರೆ ನಡುವೆ ಅಳು ಬರುತ್ತದೆ, ಅತ್ತರೆ ನೀನು ಸಮಾಧಾನ ಮಾಡಲು ಬರುತ್ತೀ. ಅದು ನನಗೆ ಬೇಡ. ನಿನಗೆ ಗೊತ್ತಿರುವುದನ್ನೂ ಇಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ಇದನ್ನು ಓದುವವಳು ನೀನೊಬ್ಬಳೇ ಅಲ್ಲ.

ಗೇರುಬೀಜದ ಫ್ಯಾಕ್ಟರಿಯಲ್ಲಿ ಸಿಪ್ಪೆ ಸುಲಿಯುತ್ತ ಕೂತಿದ್ದವಳನ್ನು ಕೋಡಿಬಾಗದ ನಿನ್ನ ಬಾಡಿಗೆ ಕೋಣೆಗೆ ಕರೆತಂದವಳು ನೀನು. ಕಾರವಾರದ ಒಂದು ರಕ್ತಪರೀಕ್ಷೆಯ ಲ್ಯಾಬಿಗೆ ನೀನು ಪ್ರೋಗ್ರಾಮು ಬರೆಯುತ್ತಿದ್ದೆ. ಅಂಕೋಲೆಯಲ್ಲೂ ಅವರ್ಸಾದಲ್ಲೂ ಅವರು ರಕ್ತ ತೆಗೆಯುವ ಕೋಣೆಗಳಿದ್ದವು. ಹೆಸರು, ಊರು, ವಯಸ್ಸು ಅಲ್ಲಿಯ ಕಂಪ್ಯೂಟರಿನಲ್ಲಿ. ಸಕ್ಕರೆ ಎಷ್ಟು, ರಕ್ತ ಎಷ್ಟು ಎಂಬುದು ಕಾರವಾರದ ಕಂಪ್ಯೂಟರಿನಲ್ಲಿ. ಎರಡನ್ನೂ ಜೋಡಿಸಿ, ಯಾರ ವರದಿ ಯಾರಿಗೆ ಎಂದು ಹೇಳುವುದು ನಿನ್ನ ಪ್ರೋಗ್ರಾಮಿನ ಕೆಲಸ. ಅದು ಸರಿ ಹೇಳುತ್ತದೆಯೇ ಎಂದು ನೋಡುವುದು ನನ್ನ ಕೆಲಸ. ಸುಳ್ಳು ರೋಗಿಗಳ ಪಟ್ಟಿ ಕೊಡಬೇಕು, ಯಾವ ಉತ್ತರ ಬರಬೇಕೆಂದು ಮೊದಲೇ ಬರೆದಿಡಬೇಕು, ಗುಂಡಿ ಒತ್ತಬೇಕು. ಬರಬೇಕಾದದ್ದೇ ಬಂದರೆ ಹಸಿರು. ಬೇರೆ ಬಂದರೆ ಕೆಂಪು.

"ಕೆಂಪು ಬಂದ್ರೆ ಹೆದ್ರೂಕೆ ಇಲ್ಲ ಅಕ್ಕಾ," ಎಂದಿದ್ದೆ ಮೊದಲ ದಿನ. "ಕೆಂಪು ಬಂದ್ರೇ ಒಳ್ಳೇದು. ಆದ್ರೆ ನೀ ಎಂತದೂ ಮುಟ್ಟೂಕೆ ಹೋಗ್ಬೇಡ. ನಂಗೆ ಹೇಳು, ಸಾಕು."

ಕರೆಂಟು ಹೋದ ದಿನ ಅವರ್ಸಾದಲ್ಲಿ ರಕ್ತ ತೆಗೆಯುವ ಹುಡುಗಿ ಎಲ್ಲವನ್ನೂ ಕಾಗದದಲ್ಲಿ ಬರೆದಿಟ್ಟು ಆಮೇಲೆ ತುಂಬುತ್ತಿದ್ದಳು; ಆಗ ರಕ್ತದ ಬಾಟಲಿಯ ಮೇಲಿನ ಸಂಖ್ಯೆ ಬಿಟ್ಟುಹೋಗುತ್ತಿತ್ತು. ಸಂಖ್ಯೆ ಇಲ್ಲದಿದ್ದರೆ ಹೆಸರು, ಊರು, ವಯಸ್ಸು ನೋಡಿ ಜೋಡಿಸುವುದು ಎಂದು ನೀನು ಬರೆದಿದ್ದೆ. ನಮ್ಮ ಊರಿನ ಕಡೆಯ ಹೆಸರುಗಳನ್ನು ಹಾಕಿ ನೋಡು ಎಂದು ನನಗೆ ಹೇಳಿದ್ದೂ ನೀನೇ — "ನಿಂಗೆ ಗೊತ್ತಿದ್ದಷ್ಟು ಜನ ನಂಗೆ ಗೊತ್ತಿಲ್ಲ."

ಗೊತ್ತಿತ್ತು. ಅವರ್ಸಾದ ಗೌಡರ ಕೊಪ್ಪದಲ್ಲಿ ಇಬ್ಬರು ಮಾದೇವಿಯರಿದ್ದಾರೆ, ಒಬ್ಬಳು ಹೊಳೆಬದಿಯವಳು, ಇನ್ನೊಬ್ಬಳು ಗುಡ್ಡೆಮನೆಯವಳು. ವಯಸ್ಸು ಕೇಳಿದರೆ ಇಬ್ಬರೂ ಹೇಳುವುದು ಐವತ್ತು. ಅಲ್ಲಿಯ ಹೆಂಗಸರಲ್ಲಿ ಯಾರನ್ನೇ ಕೇಳು, ಮೊಮ್ಮಗ ಹುಟ್ಟಿದ ಮೇಲೆ ಐವತ್ತು, ಹಲ್ಲು ಬಿದ್ದ ಮೇಲೆ ಅರವತ್ತು. ನಡುವಿನ ಸಂಖ್ಯೆಗಳನ್ನು ಅವರು ಬಳಸುವುದೇ ಇಲ್ಲ. ಓದಿದವರಿಗೆ ಇದು ಹೊಳೆಯುವುದಿಲ್ಲ. ನಾನು ಅವರಿಬ್ಬರನ್ನೇ ನೋಟ್ ಪುಸ್ತಕದಲ್ಲಿ ಬರೆದೆ: ಮಾದೇವಿ ಗೌಡ, ಐವತ್ತು, ಮಾದೇವಿ ಗೌಡ, ಐವತ್ತು. ಬರಬೇಕಾದ ಉತ್ತರ — ಜೋಡಿಸಬೇಡ, ನಿಲ್ಲು, ಮನುಷ್ಯರನ್ನು ಕೇಳು. ಅದನ್ನೇ ಕಂಪ್ಯೂಟರಿಗೂ ತುಂಬಿದೆ.

ಅದೇ ದಿನ ನಿನ್ನ ಕಾಲೇಜಿನ ಗೆಳತಿಯರಿಬ್ಬರು ಮಲ್ಲಾಪುರದಿಂದ ಬಂದಿದ್ದರು. ಅವರಲ್ಲೊಬ್ಬಳು ನನ್ನ ಕಡೆ ನೋಡಿ, "ಇವರೂ ಇಂಜಿನಿಯರಾ?" ಎಂದು ಕೇಳಿದಳು. ನೀನು ನಕ್ಕೆ.

"ಅಯ್ಯ, ಅಕ್ಕಂಗೆ ಅದೆಲ್ಲ ಎಂತ ಅರ್ಥ ಆಗೂದು? ಗುಂಡಿ ಒತ್ತು ಅಂದ್ರೆ ಒತ್ತತ್ತು, ಅಷ್ಟೇ. ಗೇರುಬೀಜ ಸುಲ್ದ ಕೈ ಅಲ್ವೇ, ಬೇಗ ಬೇಗ ಒತ್ತತ್ತು!"

ಮೂವರೂ ನಕ್ಕಿರಿ. ನಾನೂ ನಕ್ಕೆ. ಚಾ ಮಾಡಿ ಕೊಟ್ಟೆ.

ಅವರನ್ನು ಬಸ್ಸಿಗೆ ಬಿಡಲು ನೀನು ಹೋದಾಗ ನಾನು ಗುಂಡಿ ಒತ್ತಿದೆ. ಕೆಂಪು ಬಂತು. ಒಬ್ಬ ಮಾದೇವಿಯ ಸಕ್ಕರೆಯನ್ನು ನಿನ್ನ ಪ್ರೋಗ್ರಾಮು ಇನ್ನೊಬ್ಬಳ ಹೆಸರಿಗೆ ಹಾಕಿ ಕೂತಿತ್ತು. ಶೈಲಾ, ನನಗೆ ಆಗ ಆದದ್ದು ಗಾಬರಿಯಲ್ಲ. ಸಂತೋಷ. ಇಷ್ಟೆಲ್ಲ ಓದಿದವಳ ಕಣ್ಣಿಗೆ ಬೀಳದ್ದು ನನಗೆ ಕಂಡಿತ್ತು. ಹೇಳಿದ್ದರೆ ನೀನು ಕುಣಿದಾಡುತ್ತಿದ್ದೆ, ನನ್ನನ್ನು ಅಪ್ಪಿಕೊಳ್ಳುತ್ತಿದ್ದೆ — ಅದೂ ಗೊತ್ತಿತ್ತು. ಆದರೆ ನನಗೆ ಬೇಕಾದದ್ದು ಅದಲ್ಲ. ಲ್ಯಾಬಿನ ಡಾಕ್ಟರ ಮುಂದೆ ನಿನ್ನ ಪ್ರೋಗ್ರಾಮು ಒಮ್ಮೆ ಮುಗ್ಗರಿಸಬೇಕು, ನಿನ್ನ ಮುಖ ಸಣ್ಣದಾಗಬೇಕು, ಅದನ್ನು ನಾನು ಹಿಂದೆ ನಿಂತು ನೋಡಬೇಕು — ಅಷ್ಟೇ ಬೇಕಿತ್ತು. ಎರಡನೆಯ ಮಾದೇವಿಯ ಐವತ್ತರಲ್ಲಿ ಸೊನ್ನೆ ಅಳಿಸಿ ಎರಡು ಒತ್ತಿದೆ. ಉತ್ತರವನ್ನೂ ಅದಕ್ಕೆ ತಕ್ಕಂತೆ ಬದಲಿಸಿದೆ. ಹಸಿರು ಬಂತು.

ನೀನು ಬಂದು, "ಎಂತ ಆಯ್ತು ಅಕ್ಕಾ?" ಎಂದೆ.

"ಎಲ್ಲಾ ಹಸ್ರು," ಎಂದೆ ನಾನು.

ಲ್ಯಾಬಿನಲ್ಲಿ ಪ್ರೋಗ್ರಾಮು ತೋರಿಸುವ ದಿನ ಡಾಕ್ಟರು ನಾಲ್ಕು ಹೆಸರು ಹಾಕಿಸಿ ನೋಡಿದರು. ನಾಲ್ಕೂ ಸರಿಯಾಗಿ ಬಂದವು. ಏನೂ ಮುಗ್ಗರಿಸಲಿಲ್ಲ. ನೀನು ನನ್ನ ತೋಳು ಹಿಡಿದು ಮುಂದೆ ಎಳೆದು, ಎಲ್ಲರೆದುರಿಗೆ, "ಇದನ್ನ ಪೂರಾ ಪರೀಕ್ಷೆ ಮಾಡಿದ್ದು ನಮ್ಮಕ್ಕ ಸರ್. ಅದ್ರ ಕಣ್ಣು ತಪ್ಸಿ ಎಂತದೂ ಹೋಗೂದಿಲ್ಲ," ಎಂದೆ. ಅವರು ನನಗೆ ಕೈ ಮುಗಿದರು. ನಾನೂ ಮುಗಿದೆ. ಆಗ ಬಾಯಿ ಬಿಡಬಹುದಿತ್ತು. ಮರುದಿನ ಬಿಡಬಹುದಿತ್ತು. ವಾರ ಕಳೆದ ಮೇಲೆ... ಮರೆತೆ ಎಂದು ಬರೆಯಲೇ? ಮರೆತಿರಲಿಲ್ಲ. ಕರೆಂಟು ಹೋದಾಗಲೆಲ್ಲ ನೆನಪಾಗುತ್ತಿತ್ತು.

ಮಳೆಗಾಲದ ನಾಟಿಯ ಸಮಯ. ಹೊಳೆಬದಿಯ ಮಾದೇವಿಗೆ ಸಕ್ಕರೆ ಕಾಯಿಲೆ ಇರಲೇ ಇಲ್ಲ. ಕರೆಂಟು ಹೋದ ಒಂದು ದಿನ ಗುಡ್ಡೆಮನೆಯವಳ ವರದಿ ಅವಳ ಹೆಸರಿಗೆ ಹೋಗಿ, ಅದನ್ನು ನೋಡಿದ ಆಸ್ಪತ್ರೆಯ ಡಾಕ್ಟರು ಸಕ್ಕರೆ ಇಳಿಸುವ ಮಾತ್ರೆ ಕೊಟ್ಟರು. ಮಾತ್ರೆ ನುಂಗಿ ಗದ್ದೆಗಿಳಿದವಳು ಸಸಿ ಹಿಡಿದುಕೊಂಡೇ ಕಣ್ಣಿಗೆ ಕತ್ತಲೆ ಬಂದು ಗದ್ದೆಯಂಚಿನ ಕಟ್ಟಪುಣಿಯ ಕಲ್ಲಿನ ಮೇಲೆ ಬಿದ್ದಳು. ಸೊಂಟದ ಮೂಳೆ ಮುರಿಯಿತು. ಜೀವ ಉಳಿಯಿತು, ನಡಿಗೆ ಉಳಿಯಲಿಲ್ಲ.

ಮೂರು ದಿನ ನೀನು ಆ ತಪ್ಪನ್ನು ಹುಡುಕಿದೆ. ಒಂದೊಂದು ಸಾಲಿನಲ್ಲೂ ಪ್ರೋಗ್ರಾಮನ್ನು ನಿಲ್ಲಿಸಿ, ಈಗ ಯಾರ ಹೆಸರು, ಈಗ ಯಾರ ರಕ್ತ ಎಂದು ಬಾಯಲ್ಲೇ ಹೇಳಿಕೊಳ್ಳುತ್ತಿದ್ದೆ. ನಾನು ನಿನಗೆ ಗಂಜಿ ಮಾಡಿ ಕೊಡುತ್ತಿದ್ದೆ. ಎರಡನೆಯ ದಿನ ನೀನು ಮೀಯಲು ಹೋದಾಗ ನೋಟ್ ಪುಸ್ತಕದ ಆ ಹಾಳೆ ಹರಿದು ಒಲೆಗೆ ಹಾಕಿದೆ. ಮೂರನೆಯ ದಿನ ನಿನಗೆ ಆ ಟೆಸ್ಟು ಸಿಕ್ಕಿತು. ನೀನು ಆ ಸಾಲಿನ ಮೇಲೆ ಬೆರಳಿಟ್ಟೆ. ಮತ್ತೆ ನನ್ನ ಕಡೆ ತಿರುಗಿದೆ.

"ಅಕ್ಕಾ, ಇಲ್ಲಿ ಐವತ್ತೆರಡು ಅಂತ ಉಂಟು. ನೀ ಪುಸ್ತಕದಲ್ಲಿ ಬರ್ದದ್ದು ಐವತ್ತು ಅಲ್ವೇ?"

ಆಗ ನಾನು ಹೇಳಿದ ಮಾತು ನನ್ನ ಕಿವಿಯಲ್ಲಿ ಇವತ್ತಿಗೂ ಇದೆ.

"ನಂಗೆಂತ ಗೊತ್ತೆ ಮಾರಾಯ್ತಿ? ನಾ ಓದ್ದವಳಾ? ನೀ ಒತ್ತು ಅಂದದ್ದು ಒತ್ತೂದು, ಅಷ್ಟೇ."

ಯಾವ ಸಾಲನ್ನು ಯಾರು ತಿದ್ದಿದರೆಂದು ಕಂಪ್ಯೂಟರು ಬರೆದಿಟ್ಟುಕೊಳ್ಳುತ್ತದೆ. ನನಗೆ ಬೇರೆ ಲಾಗಿನ್ ಏಕೆಂದು ನಾವಿಬ್ಬರೂ ನಿನ್ನ ಹೆಸರಿನಲ್ಲೇ ಕಂಪ್ಯೂಟರು ತೆರೆಯುತ್ತಿದ್ದೆವು. ಅಲ್ಲಿ ನಿನ್ನ ಹೆಸರೇ ಇತ್ತು. ನೀನು ನಿನ್ನ ನೆನಪನ್ನು ಬಿಟ್ಟು ಅದನ್ನು ನಂಬಿದೆ — ಅಲ್ಲ, ನನ್ನನ್ನು ನಂಬಿದ್ದರಿಂದಲೇ ಅದನ್ನು ನಂಬಿದೆ.

ನೀನು ಲ್ಯಾಬಿನ ಡಾಕ್ಟರಲ್ಲಿಗೆ ಹೋಗಿ, "ತಪ್ಪು ನನ್ನದು, ನಾನೇ ತಿದ್ದಿದ್ದೆ, ಎಂತಕೆ ಅಂತ ನಂಗೂ ನೆನಪಿಲ್ಲ," ಎಂದೆ. ಲ್ಯಾಬಿನಲ್ಲಿ ಎಲ್ಲರೂ ಕೆಲಸ ನಿಲ್ಲಿಸಿ ನಿನ್ನನ್ನೇ ನೋಡುತ್ತಿದ್ದರು. ನಾನು ಬಾಗಿಲ ಹತ್ತಿರ ನಿನ್ನ ಚೀಲ ಹಿಡಿದು ನಿಂತಿದ್ದೆ. ಅವತ್ತಿನಿಂದ ನೀನು ಒಂದು ಸಾಲು ಪ್ರೋಗ್ರಾಮು ಬರೆದಿಲ್ಲ. ಝೆರಾಕ್ಸ್ ಅಂಗಡಿಯಲ್ಲಿ ಕೂತು ಬೇರೆಯವರ ಅರ್ಜಿ ತುಂಬುತ್ತೀ, ಒಂದೊಂದನ್ನೂ ಮೂರು ಸಲ ಓದಿ ನೋಡುತ್ತೀ.

ಕಳೆದ ವಾರ ಮಲ್ಲಾಪುರದ ಆ ಗೆಳತಿಯರಲ್ಲೊಬ್ಬಳು ಬಂದು ನಿನ್ನನ್ನು ಪ್ರೋಗ್ರಾಮು ಬರೆಯುವ ಕೆಲಸಕ್ಕೆ ಕರೆದಳು. ನಾನು ಒಳಗೆ ಮೀನು ಹೆಚ್ಚುತ್ತಿದ್ದೆ. ನೀನು ಅವಳಿಗೆ, "ಬೇಡ ಮಾರಾಯ್ತಿ. ನನ್ ಕೈ ಮೇಲೆ ನಂಗೇ ನಂಬ್ಕಿ ಇಲ್ಲ. ಗೊತ್ತಿಲ್ದೇ ಎಂತ ಮಾಡಿಬಿಡ್ತೇನೋ," ಎಂದದ್ದು ಕೇಳಿಸಿತು. ಗೊತ್ತಿಲ್ಲದೆ! ಮಾಡಿದವಳಿಗೆ ಎಲ್ಲ ಗೊತ್ತಿತ್ತು.

ನಿನ್ನೆ ಬೆಳಿಗ್ಗೆ ಮೊದಲ ಬಸ್ಸಿಗೆ ಅವರ್ಸಾಕ್ಕೆ ಹೋದೆ. ಹೊಳೆಬದಿಯ ಮಾದೇವಿ ಜಗಲಿಯಲ್ಲಿ ಕಾಲು ಚಾಚಿ ಕೂತು ಹೂ ಕಟ್ಟುತ್ತಿದ್ದಳು. ಎಲ್ಲ ಹೇಳಿದೆ. ಅವಳು ದಾರ ಬಿಡಲಿಲ್ಲ.

"ನಿನ್ ತಂಗಿ ತಿಂಗ್ಳ್ ತಿಂಗ್ಳಿಗೂ ಬಂದ್ ನನ್ ಕಾಲ್ ಬುಡ್ದಾಗೆ ಕೂತ್ಕಂತದೆ. ನಾ ಅದ್ಕೆ ಒಂದ್ ದಿನಾನೂ ನಗ್ ನಗ್ತಾ ಮಾತಾಡ್ಲಿಲ್ಲ," ಎಂದಳು. "ಎಷ್ಟ್ ಬೈದೆ ನಾನು. ಅದೂ ನಿನ್ ಲೆಕ್ಕಕ್ಕೇ ಸೇರ್ತು. ಏಳು, ಹೋಗು. ನಂಗೆ ನಿನ್ನ ನೋಡೂಕೆ ಆಗೂದಿಲ್ಲ."

ಎದ್ದು ಬಂದೆ. ಅಲ್ಲಿಂದ ನೇರ ಕಾರವಾರಕ್ಕೆ, ಡಾಕ್ಟರ ಹತ್ತಿರ. ಈಗ ನೀನು ಓದುತ್ತಿರುವುದರ ಇನ್ನೊಂದು ಪ್ರತಿಯನ್ನು ಅವರ ಕೈಗೆ ಕೊಟ್ಟೆ. ಈ ಕೊನೆಯ ಭಾಗವಷ್ಟೇ ಅದರಲ್ಲಿಲ್ಲ. ಅವರು ನಿಂತೇ ಓದಿದರು. ಸೋಮವಾರ ಹತ್ತು ಗಂಟೆಗೆ ಬಂದು ಲ್ಯಾಬಿನ ಎಲ್ಲರೆದುರಿಗೆ ಇದನ್ನು ಓದಬೇಕು ಎಂದರು. ಆಮೇಲೆ ಪೊಲೀಸರಿಗೆ ಕೊಡುವುದೋ ಏನೋ, ಅದನ್ನು ಅವರೇ ನೋಡುತ್ತಾರಂತೆ. ಒಪ್ಪಿದ್ದೇನೆ.

ನಿನಗೇ ಮೊದಲು ಹೇಳಬೇಕಿತ್ತು ಎಂದು ನಿನಗೆ ಅನ್ನಿಸಬಹುದು. ಹೇಳಿದ್ದರೆ, "ಆಯ್ತು ಬಿಡು ಅಕ್ಕಾ, ಯಾರಿಗೂ ಹೇಳೂಕೆ ಹೋಗ್ಬೇಡ," ಎನ್ನುತ್ತಿದ್ದೆ. ನಾನೂ ಒಳಗೊಳಗೇ ಅದನ್ನೇ ಕಾಯುತ್ತಿದ್ದೆ, ಅದಕ್ಕೇ ಅವರಿಬ್ಬರಿಗೂ ಹೇಳಿದ ಮೇಲಷ್ಟೇ ನಿನಗೆ ಹೇಳುತ್ತಿದ್ದೇನೆ.

ಸೋಮವಾರ ನೀನು ಬರಲೇಬೇಕೆಂದಿಲ್ಲ. ಬಂದರೆ ಅವರ ನಡುವೆ ಕುರ್ಚಿ ಹಾಕಿಕೊಂಡು ಕೂತು ಕೇಳು. ನನ್ನ ಪಕ್ಕದಲ್ಲಿ ಮಾತ್ರ ಬಂದು ನಿಲ್ಲಬೇಡ.