ಹುಳದಿಂದ ಎರಡು ಬೆರಳಿನ ದೂರ

ಆರು ದಿನದ ಮೇಲೆ ನಳ ಬಂದಿದೆ. ಧಾರವಾಡದ ಸಪ್ತಾಪುರದ ಈ ಸಣ್ಣ ಓಣಿಯಲ್ಲಿ ಬೆಳಗಿನ ಆರಕ್ಕೇ ಕೊಡಗಳ ಸದ್ದು. ದಾಕ್ಷಾಯಿಣಿ ಮೂರನೆಯ ಕೊಡವನ್ನು ನಳದ ಕೆಳಗಿಟ್ಟು, ತುಂಬಿದ್ದನ್ನು ಸೊಂಟಕ್ಕೇರಿಸಿ ತಿರುಗುತ್ತಾರೆ. ಕಣ್ಣು ಕಂಪೌಂಡಿಗೆ ಹಬ್ಬಿದ ಅವರೆ ಬಳ್ಳಿಯ ಮೇಲೆ ಬೀಳುತ್ತದೆ. ಸೊಂಟದ ಕೊಡ ಅಲ್ಲೇ ನೆಲಕ್ಕಿಳಿಯುತ್ತದೆ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಒಳಗೆ ಓಡಿದವರು ಹೊರಬರುವಾಗ ಕೈಯಲ್ಲಿ ಕ್ಯಾಮೆರಾ ಇರುತ್ತದೆ.

ನಳದ ಕೆಳಗಿನ ಕೊಡ ತುಂಬಿ ಚೆಲ್ಲುತ್ತಿದೆ.

“ಏ ದಾಕ್ಷಾಯಿಣಿ! ನೀರು ಹರದು ಹೊಂಟೈತಿ ನೋಡ! ಆರು ದಿನಕ್ಕೊಮ್ಮಿ ಬರೂ ನೀರು, ಹುಳದ ಮಾರಿ ನೋಡಕೋಂತ ಚೆಲ್ತೀಯಲ್ಲ!” ಪಕ್ಕದ ಮನೆಯ ದಾನವ್ವ ಗದರುತ್ತಾರೆ. “ನಿನ್ನ ಕೊಡ ಸರಿಸಿ ನನ್ನ ಕೊಡ ಇಡ್ತೇನಿ, ಆಮ್ಯಾಲ ಬಾಯಿ ಮಾಡಬ್ಯಾಡ ಮತ್ತ.”

“ಇಟಗೋ ಅಕ್ಕಾ. ನಳ ಇನ್ನೊಂದು ತಾಸು ಇರತೈತಿ. ಇದು ಐದು ನಿಮಿಷ ಇರೂದಿಲ್ಲ.”

ಅವರೆ ಎಲೆಯ ಕೆಳಗೆ ಗುಲಗಂಜಿ ಹುಳವೊಂದು ಕೋಶ ಒಡೆದು ಹೊರಬರುತ್ತಿದೆ. ಕೆಂಪು ಬೆನ್ನಿನ, ಕಪ್ಪು ಚುಕ್ಕೆಗಳ ಆ ಹುಳ ಯಾರಿಗೆ ಗೊತ್ತಿಲ್ಲ? ಆದರೆ ಹುಟ್ಟಿದ ಗಳಿಗೆಯಲ್ಲಿ ಅದಕ್ಕೆ ಚುಕ್ಕೆಯೇ ಇರುವುದಿಲ್ಲ. ಮೈಯೆಲ್ಲ ಅರಿಸಿನದ ಬಣ್ಣ. ಸ್ವಲ್ಪ ಹೊತ್ತಿನಲ್ಲೇ ಚುಕ್ಕೆ ಮಸುಕಾಗಿ ಮೂಡತೊಡಗುತ್ತದೆ, ಪೂರ್ತಿ ಕಪ್ಪಾಗಲು ಮಾತ್ರ ಕೆಲವು ತಾಸು ಬೇಕು. ಈ ಅರಿಸಿನದ ಗಳಿಗೆಗಾಗಿಯೇ ದಾಕ್ಷಾಯಿಣಿ ಮೂರು ವಾರದಿಂದ ಕಾದಿದ್ದಾರೆ. ಹುಬ್ಬಳ್ಳಿಯ ದೊಡ್ಡ ಬೀಜ-ಗೊಬ್ಬರದ ಅಂಗಡಿಯವರು ರೈತರಿಗಾಗಿ ಅಚ್ಚು ಹಾಕಿಸುತ್ತಿರುವ ಹುಳಗಳ ಚಾರ್ಟಿಗೆ ಹದಿನಾರು ಚಿತ್ರ ಬೇಕು. ಹದಿನೈದು ಸಿದ್ಧವಿವೆ. ಇದು ಹದಿನಾರನೆಯದು.

ಕ್ಯಾಮೆರಾ ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕದು. ಅದರ ಮೂತಿಗೆ ಪ್ಲಾಸ್ಟಿಕ್ ಪೈಪಿನ ತುಂಡು, ಪೈಪಿನ ತುದಿಗೆ ಒಂದರ ಮೇಲೊಂದು ತಿರುಗಿಸಿ ಕೂಡಿಸಿದ ಎರಡು ಭೂತಗನ್ನಡಿಯಂಥ ಲೆನ್ಸು. ಫ್ಲ್ಯಾಶಿನ ಬೆಳಕು ಕಣ್ಣಿಗೆ ಹೊಡೆಯದಿರಲೆಂದು ತೊಳೆದು ಒಣಗಿಸಿದ ಹಾಲಿನ ಪಾಕೀಟಿನ ತುಂಡು ಅಂಟಿಸಿದ್ದಾರೆ. ಹುಳಕ್ಕೂ ಲೆನ್ಸಿಗೂ ನಡುವೆ ಎರಡು ಬೆರಳಿನ ಜಾಗ. ಅಷ್ಟು ಹತ್ತಿರದಲ್ಲಿ ಸ್ಪಷ್ಟವಾಗಿ ಕಾಣುವುದು ಒಂದು ನೂಲಿನಷ್ಟು ದಪ್ಪ ಮಾತ್ರ. ಕಣ್ಣು ಮೂಡಿದರೆ ಕಾಲು ಮಂಜು, ಕಾಲು ಮೂಡಿದರೆ ಕಣ್ಣು ಮಂಜು. ಅದಕ್ಕೇ ದಾಕ್ಷಾಯಿಣಿ ಯಾವ ಗುಂಡಿಯನ್ನೂ ತಿರುವುವುದಿಲ್ಲ. ಮೊಣಕೈಗಳನ್ನು ಪಕ್ಕೆಲುಬಿಗೆ ಒತ್ತಿ, ಉಸಿರು ಹಿಡಿದು, ಬೀಸುವ ಕಲ್ಲಿನ ಮುಂದೆ ಕುಳಿತವರ ಹಾಗೆ ಇಡೀ ಮೈಯನ್ನು ಕೂದಲೆಳೆಯಷ್ಟು ಹಿಂದೆ-ಮುಂದೆ ತೂಗುತ್ತಾರೆ. ಹುಳದ ಕಣ್ಣು ಹೊಳೆದ ಕ್ಷಣ ಗುಂಡಿ ಒತ್ತುತ್ತಾರೆ.

“ಬಿಸಿಲು ಬಿತ್ತಂದ್ರ ಮುಗೀತ್ರಿ. ಹುಳಕ್ಕ ಮೈ ಬಿಸಿ ಆಗತೈತಿ, ಕಾಲು ಬರತಾವ. ಥಂಡಿ ಇರೂತನಕ ಕುಂತಲ್ಲೇ ಕುಂತಿರತೈತಿ ಪಾಪ, ನನ್ನ ಹಂಗ,” ಎಂದು ನಗುತ್ತಾರೆ.

ಒಂದು ಬೆಳಗಿಗೆ ಅರವತ್ತು-ಎಪ್ಪತ್ತು ಚಿತ್ರ. ಉಳಿಯುವುದು ಎರಡೋ ಮೂರೋ. ಇಂದು ಉಳಿಯುವುದು ಒಂದೇ, ಅಷ್ಟೇ ಸಾಕು. ಬಾಯಿತುಂಬ ಹಲ್ಲುಪುಡಿಯ ನೊರೆಯೊಂದಿಗೆ ಬಂದ ಎಂಟು ವರ್ಷದ ಮಗಳು ಉಮಾಶ್ರೀ ಪರದೆಯ ಮೇಲಿನ ಹಳದಿ ಹುಳವನ್ನು ನೋಡುತ್ತಾಳೆ. ಆಮೇಲೆ ಅವ್ವನ ಕಿವಿಗೆ ಬಾಯಿ ಹಚ್ಚಿ ಏನೋ ಕೇಳುತ್ತಾಳೆ. ನಾಲ್ಕು ಜನರ ಎದುರು ಈ ಹುಡುಗಿ ಬಾಯಿ ಬಿಡುವವಳಲ್ಲ. ಏನಿದ್ದರೂ ಅವ್ವನ ಕಿವಿಗೇ.

“ನೋಡೂಣು ತಂಗಿ. ಮೊದಲ ಬಾಯಿ ಮುಕ್ಕಳಿಸು,” ಎನ್ನುತ್ತಾರೆ ದಾಕ್ಷಾಯಿಣಿ.

ದಾಕ್ಷಾಯಿಣಿ ಓದಿದ್ದು ಏಳನೆಯ ಇಯತ್ತೆ. ಸಸ್ಯಗಳ ನರ್ಸರಿಯೊಂದರಲ್ಲಿ ಬೆಳಗಿನ ಒಂಬತ್ತರಿಂದ ಸಂಜೆಯವರೆಗೆ ಮಣ್ಣು ತುಂಬುವ, ನೀರುಣಿಸುವ ಕೆಲಸ. ಎಲೆ ತಿರುವಿ ಹುಳ ಹುಡುಕುವುದೂ ಅದೇ ಕೆಲಸದ ಭಾಗ. ಏಳು ವರ್ಷದ ಹಿಂದೆ ಇದೇ ವಠಾರದ ಮೇಲಿನ ಕೋಣೆಯಲ್ಲಿ ಅರಫಾತ ಎಂಬ ಕೃಷಿ ವಿದ್ಯಾರ್ಥಿ ಬಾಡಿಗೆಗಿದ್ದ. ಇವರು ಬೆಂಕಿಪೊಟ್ಟಣದಲ್ಲಿ ಹುಳ ಹಿಡಿದು ತರುತ್ತಿದ್ದರು, ಅವನು ಹೆಸರು ಹೇಳುತ್ತಿದ್ದ. ಓದು ಮುಗಿಸಿ ಹೊರಡುವಾಗ ತನ್ನ ಹಳೆಯ ಕ್ಯಾಮೆರಾ ಕೊಟ್ಟುಹೋದ. “‘ಅಕ್ಕಾ, ಇನ್ನ ಮ್ಯಾಲ ಹುಳಾ ಹಿಡೀಬ್ಯಾಡ್ರಿ, ಚಿತ್ರಾ ಹಿಡೀರಿ’ ಅಂದ. ಅಷ್ಟ ನನ್ನ ಕಾಲೇಜು,” ಎಂದು ನೆನೆಯುತ್ತಾರೆ.

ಪೈಪಿನ ಮೂತಿ ಮಾಡಿಕೊಟ್ಟವರು ಹುಬ್ಬಳ್ಳಿಯಲ್ಲಿ ಗಡಿಯಾರ-ಕ್ಯಾಮೆರಾ ರಿಪೇರಿ ಮಾಡುವ ಹಫೀಜ ಕಾಕಾ. ಮೊದಲ ದಿನ ಅವರೂ ನಕ್ಕಿದ್ದರಂತೆ. “ಬೇಟಿ, ಈ ಡಬ್ಬಿಯೊಳಗ ಏನ್ ಬರ್ತೈತಿ? ಮದುವಿ ಫೋಟೋದವ್ರು ಇದನ್ನ ಮಕ್ಕಳ ಕೈಯಾಗ ಕೊಡ್ತಾರ” ಎಂದವರಿಗೆ ಇರುವೆಯ ಮುಖದ ಚಿತ್ರ ತೋರಿಸಿದಾಗ, ಕಾಕಾ ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಮಸೂರ ತೆಗೆದಿಟ್ಟು ಮತ್ತೊಮ್ಮೆ ನೋಡಿದರು. ಆಮೇಲೆ ಪೈಪು ಕೊಯ್ದು, ಒಳಗೆ ಕಪ್ಪು ಬಣ್ಣ ಬಳಿದು, ಮೂರು ಸಲ ಬಿಚ್ಚಿ ಮೂರು ಸಲ ಕೂಡಿಸಿದರು.

“ಸಣ್ಣ ಕ್ಯಾಮೆರಾ ಅಂತ ಎಲ್ಲಾರೂ ನಗ್ತಾರ್ರಿ. ಹುಳಾನೂ ಸಣ್ಣದ ಐತಲ್ರಿ!” ಎನ್ನುತ್ತಾರೆ ದಾಕ್ಷಾಯಿಣಿ.

ಮೂರು ವರ್ಷದ ಹಿಂದೆ ಇದೇ ಅಂಗಡಿಯವರು ಮೊದಲ ಚಾರ್ಟು ತಂದಾಗ ಹನ್ನೆರಡು ಚಿತ್ರಗಳೂ ಇವರವೇ. ಸುತ್ತಲಿನ ಹಳ್ಳಿಗಳ ಗೊಬ್ಬರದ ಅಂಗಡಿಗಳಲ್ಲಿ ಅದು ಇಂದಿಗೂ ತೂಗುತ್ತಿದೆ. ಕೆಳಗೆ ಎರಡೇ ಪದ: ‘ಚಿತ್ರ: ಸಂಗ್ರಹ’. ಅದರಲ್ಲೊಂದು ತಪ್ಪೂ ಇತ್ತು. ಗುಲಗಂಜಿ ಹುಳದ ಮರಿ ನೋಡಲು ಚಿಕ್ಕ ಮೊಸಳೆಯಂತೆ, ಭಯ ಹುಟ್ಟಿಸುವಂತಿರುತ್ತದೆ. ಆದರೆ ಬೆಳೆಯ ರಸ ಹೀರುವ ಹೇನುಗಳನ್ನು ತಿಂದು ರೈತನಿಗೆ ನೆರವಾಗುವುದು ಅದೇ. ಅಂಗಡಿಯವರು ಯಾರನ್ನೂ ಕೇಳದೆ ಅದನ್ನು ಶತ್ರು ಕೀಟಗಳ ಸಾಲಿನಲ್ಲಿ ಅಚ್ಚು ಹಾಕಿಸಿದ್ದರು.

ಒಂದು ದಿನ ನರ್ಸರಿಗೆ ಮೆಣಸಿನ ಸಸಿಗೆಂದು ಬಂದ ರೈತ ಹೊಳೆಯಪ್ಪ ಹೆಮ್ಮೆಯಿಂದಲೇ ಹೇಳಿದ: “ಆ ಮೊಸಳಿ ಹುಳಾ ನಮ್ಮ ಹೊಲದಾಗೂ ಬಂದಿತ್ತವಾ. ಚಾರ್ಟ್ ನೋಡಿದ್ನಿ, ಔಷಧ ಹೊಡದ್ನಿ. ಒಂದೂ ಉಳೀಲಿಲ್ಲ.” ದಾಕ್ಷಾಯಿಣಿಯ ಕೈಯಲ್ಲಿದ್ದ ಸಸಿಯ ಚೀಲ ಕೆಳಗೆ ಬಿತ್ತು. ಅದು ನಿಮ್ಮ ಪರವಾದ ಹುಳ ಎಂದು ಎಷ್ಟು ಹೇಳಿದರೂ ಅವನು ಒಪ್ಪಲಿಲ್ಲ. “ಚಾರ್ಟಿನ್ಯಾಗ ಬರದೈತಲ್ಲ. ಅದಕ್ಕಿಂತ ಶ್ಯಾಣ್ಯಾಕೇನು ನೀ? ಯಾರವಾ ನೀ ಹೇಳಾಕ?”

“ಆ ಚಿತ್ರಾ ತಗದಾಕಿ ನಾನಽ ಅಂತ ಹೇಳಬೇಕಂದ್ನಿ. ನಂಬತಿದ್ನೇನ್ರಿ?” ಆ ಮಾತು ಬಂದಾಗ ಮಾತ್ರ ಅವರ ದನಿ ಗಡುಸಾಗುತ್ತದೆ. “ಅವತ್ತ ಠರಾಯಿಸಿಬಿಟ್ನಿ. ಇನ್ನ ಹೆಸರಿಲ್ಲದ ಒಂದು ಚಿತ್ರಾನೂ ಕೊಡಂಗಿಲ್ಲ.”

ಆದ್ದರಿಂದಲೇ ಈ ಸಲ ಅಂಗಡಿಗೆ ಹೋಗಿರುವುದು ಚಿತ್ರಗಳ ಸಣ್ಣ ಪ್ರತಿ ಮಾತ್ರ, ನೋಡಲಿಕ್ಕೆ ಸಾಕು, ಅಚ್ಚಿಗೆ ಸಾಲದು. ದೊಡ್ಡ ಪ್ರತಿಗಳಿರುವ ಉಗುರಿನಷ್ಟು ಮೆಮೊರಿ ಕಾರ್ಡನ್ನು ದಾಕ್ಷಾಯಿಣಿ ಖಾಲಿ ಕುಂಕುಮದ ಭರಣಿಯಲ್ಲಿಟ್ಟು, ನರ್ಸರಿಗೆ ಅರ್ಧ ದಿನದ ರಜೆ ಹೇಳಿ, ಮಗಳ ಕೈ ಹಿಡಿದು ಹುಬ್ಬಳ್ಳಿಗೆ ಹೋಗುವ ಚಿಗರಿ ಬಸ್ಸು ಹತ್ತುತ್ತಾರೆ. ಇಂದು ಚಾರ್ಟಿನ ಕರಡು ತೋರಿಸುತ್ತೇವೆ ಎಂದು ಅಂಗಡಿಯವರು ಹೇಳಿದ್ದಾರೆ.

ದೇಶಪಾಂಡೆ ನಗರದ ಆಫೀಸಿನಲ್ಲಿ ಅಂಗಡಿಯ ಮಾಲೀಕ ಶಿವಯೋಗೀಶ ಮೇಜಿನ ತುಂಬ ಕರಡು ಹಾಸಿಕೊಂಡು ಕುಳಿತಿದ್ದಾರೆ. ಕೆಟ್ಟ ಮನುಷ್ಯರಲ್ಲ, ಚಹಾ ತರಿಸುತ್ತಾರೆ, ಹುಡುಗಿಗೆ ಬಿಸ್ಕೀಟು ಕೊಡುತ್ತಾರೆ. ಮೊಸಳೆ ಮರಿ ಈಗ ಮಿತ್ರ ಕೀಟಗಳ ಸಾಲಿಗೆ ಬಂದಿದೆ. ಹದಿನಾರನೆಯ ಚೌಕ ಖಾಲಿಯಿದೆ, ಹುಳದ ಹೆಸರು ಮಾತ್ರ ಮೊದಲೇ ಬರೆದಿದೆ. ಪ್ರತಿ ಹುಳದ ಕೆಳಗೆ ರೈತರಾಡುವ ಹೆಸರು, ಅದರ ಕೆಳಗೆ ವಿಜ್ಞಾನದ ಹೆಸರು. ಮೂಲೆಯಲ್ಲಿ ಅಂಗಡಿಯ ವಿಳಾಸ, ಅಚ್ಚು ಹಾಕುವವರ ಫೋನ್ ನಂಬರು. ದಾಕ್ಷಾಯಿಣಿ ಬೆರಳಿಟ್ಟು ಒಂದೊಂದೇ ಸಾಲು ಓದಿ ಮುಗಿಸುತ್ತಾರೆ.

“ಸಾಹುಕಾರ್ರ, ನನ್ನ ಹೆಸರು?”

“ಜಾಗಾ ಎಲ್ಲೈತಿ ತಂಗಿ? ರೈತ್ರು ಹುಳಾ ನೋಡ್ತಾರ, ಹೆಸರು ಯಾರು ಓದ್ತಾರ?”

“ಪ್ರೆಸ್ಸಿನವ್ರ ಫೋನ್ ನಂಬರಿಗೆ ಜಾಗಾ ಸಿಕ್ಕೈತಲ್ರಿ.”

ಶಿವಯೋಗೀಶರು ನಗುತ್ತಾರೆ. “ಸಣ್ಣ ಕ್ಯಾಮೆರಾದಾಗ ತಗದದ್ದು ಅಂತ ಗೊತ್ತಾದ್ರ ಚಾರ್ಟಿನ ಕಿಮ್ಮತ್ತು ಏನು ಉಳೀತು?”

“ಹಂಗಾರ ದೊಡ್ಡ ಕ್ಯಾಮೆರಾದವ್ರನ್ನ ಕರಸ್ರಿ. ನಸುಕಿನ್ಯಾಗ ಎದ್ದು ಅವರೆ ಬಳ್ಳಿ ಬುಡಕ್ಕ ಕುಂದರ್ತಾರೇನು ಕೇಳ್ರಿ.”

“ಸಿಟ್ಟಾಗಬ್ಯಾಡ. ನಿನ್ನ ಛಲೋದಕ್ಕ ಹೇಳಾಕತ್ತೇನಿ. ಹೆಸರು ಹಾಕಿದ್ವಿ ಅಂತ ತಿಳಕೋ. ನಾಳೆ ಏನರ ತಪ್ಪಾತು, ರೈತ್ರು ನಿನ್ನ ಮನೀತನಕ ಬರ್ತಾರ, ಬಾಯಿಗೆ ಬಂದಂಗ ಬೈತಾರ.”

“ಬರಲ್ರಿ. ಅದಕ್ಕ ಬೇಕು ನನಗ ಹೆಸರು. ತಪ್ಪಂದ್ರ ಯಾರನ್ನ ಕೇಳಬೇಕು ಅವ್ರು? ಸಂಗ್ರಹದ ಮನಿ ಎಲ್ಲೈತ್ರಿ?”

ಶಿವಯೋಗೀಶರು ಗಡಿಯಾರ ನೋಡುತ್ತಾರೆ. ಅಚ್ಚಿನವನು ಮಧ್ಯಾಹ್ನಕ್ಕೆ ಬರುತ್ತಾನೆ, ಕಾರ್ಡು ಕೊಟ್ಟುಬಿಡು ಎನ್ನುತ್ತ ಮೇಜಿನ ಮೇಲೆ ಅಂಗೈ ಚಾಚುತ್ತಾರೆ. ದಾಕ್ಷಾಯಿಣಿ ಭರಣಿಯನ್ನು ಮೇಜಿನ ಮೇಲಿಟ್ಟು, ಅದರ ಮೇಲೆ ತಮ್ಮ ಕೈ ಮುಚ್ಚುತ್ತಾರೆ. ಮಣ್ಣು ಮೆತ್ತಿದ ಉಗುರುಗಳ ಆ ಕೈ, ಬೆಳಿಗ್ಗೆ ಎಲೆಯ ಮುಂದೆ ಇದ್ದಷ್ಟೇ ನಿಶ್ಚಲವಾಗಿದೆ.

ಉಮಾಶ್ರೀ ಕುರ್ಚಿಯಿಂದ ಇಳಿಯುತ್ತಾಳೆ. ಅವ್ವನ ಕಿವಿಯ ಕಡೆಗೆ ಹೋಗುವವಳಂತೆ ಎರಡು ಹೆಜ್ಜೆ ಇಟ್ಟು, ನಿಂತು, ಮೇಜಿನ ಆ ಬದಿಗೆ ನಡೆಯುತ್ತಾಳೆ. ಅರ್ಧ ತಿಂದ ಬಿಸ್ಕೀಟನ್ನು ತಟ್ಟೆಗೆ ಮರಳಿಸಿ, ಕರಡಿನ ಮೇಲೆ ಬೆರಳಿಡುತ್ತಾಳೆ. ಚಹಾದ ಕಪ್ಪು ಎತ್ತಲು ಬಂದವನೂ ನಿಂತು ಕೇಳುವಷ್ಟು ದೊಡ್ಡ ದನಿ ಅವಳದು:

“ಕಾಕಾ, ಒಂದೊಂದು ಹುಳಕ್ಕ ಎರಡೆರಡು ಹೆಸರು ಬರದೀರಿ. ನಮ್ಮವ್ವಂದು ಒಂದರ ಎಲ್ಲೈತ್ರಿ?”